ದ್ರಾಕ್ಷಿತೋಟಗಳ ಪಾಲಕ ಸಂತ ವಿನ್ಸೆಂಟ್

ಇದೇ ಜನವರಿ 22ರಂದು ಧರ್ಮಸಭೆಯು ಸ್ಪೇನ್ ದೇಶದ ರಕ್ತಸಾಕ್ಷಿ ಸಂತ ವಿನ್ಸೆಂಟರನ್ನು ಸ್ಮರಿಸುತ್ತದೆ. ವಿನ್ಸೆಂಟ್ ಎಂದೊಡನೆ ನಮ್ಮ ಓದುಗರ ಮನಸ್ಸಿಗೆ ಬರುವವರು ಬೇರೆಯವರು. ಬಡವರ ಮನೆಗೆ ಅಕ್ಕಿಬೇಳೆ ಮುಟ್ಟಿಸುವ ಸಂಘದ ಹೆಸರಿನಲ್ಲಿ ಧರ್ಮಕೇಂದ್ರಗಳಲ್ಲಿ ಇಂದಿಗೂ ಬದುಕಿರುವ ಸಂತ ವಿನ್ಸೆಂಟ್ ದೆ ಪಾಲ್ ಒಬ್ಬರು. ಪವಾಡಗಳಿಗೆ ಹೆಸರಾದ ಪ್ರಬೋಧಕ ಸಂತ ವಿನ್ಸೆಂಟ್ ಫೆರರ್ ಇನ್ನೊಬ್ಬರು. ಇದೇ ಜನವರಿ 22ರಂದೇ ಹಬ್ಬ ಬೀಳುವ ರೋಮಿನ ಸಂತ ವಿನ್ಸೆಂಟ್ ಪಲ್ಲೊತ್ತಿ ಮತ್ತೊಬ್ಬರು. ನಾವು ಹೇಳಹೊರಟಿರುವ ವಿನ್ಸೆಂಟರು ಈ ಮೂವರಿಗಿಂತಲೂ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು. ಯುರೋಪಿನ ದ್ರಾಕ್ಷಿ ಬೆಳೆಗಾರರು ತಮ್ಮ ಪಾಲಕರೆಂದು ಹಿಡಿದುಕೊಂಡಿರುವುದು ಇವರನ್ನೇ.

ಇವರ ಜೀವನವನ್ನು ಈ ವಾರ ಹೇಳಲು ಒಂದು ಕಾರಣವಿದೆ. ಕ್ರಿಸ್ಮಸ್ ಕಳೆದ ಮೇಲೆ ಬಸವೇಶ್ವರನಗರದ ತಾಯಿಯೊಬ್ಬರು ಗುರುಗಳ ನಿವಾಸಕ್ಕೆ ಬಂದರು. ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಸೀಸೆ. ಸ್ಪೇನಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಬಂದಾಗ ತಂದದ್ದಂತೆ. ಮೇಲಿನ ಚೀಟಿಯಲ್ಲಿ ಕರಿನ್ಯೇನಾ, ಗಾರ್ನಾಚಾ, ಕ್ರಿಯಾಂಸಾ ಎಂಬ ಮೂರು ಪದಗಳಿದ್ದವು. ಇದು ಏನು, ಪೂಜೆಯಲ್ಲಿ ಬಳಸುವ ದ್ರಾಕ್ಷಾರಸವೂ ಇದೂ ಒಂದೆಯೇ, ಮನೆಯಲ್ಲಿಟ್ಟುಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಆ ಮನೆಯ ಯಜಮಾನರು ಕುಡಿತವನ್ನು ಬಿಟ್ಟು ಆರು ವರ್ಷಗಳಾಗಿವೆ. ಅದನ್ನು ಬಲ್ಲ ನಾವೇ, ಅವಸರದಲ್ಲಿ, ದ್ರಾಕ್ಷಾರಸವು ಬ್ರಾಂದಿಯಂಥದ್ದಲ್ಲ, ಅದು ಊಟದ ಒಂದು ಭಾಗ, ಕಾನಾ ಊರಿನ ಮದುವೆಯಲ್ಲಿ ಸ್ವಾಮಿಯೇ ಬಡಿಸಿದರು, ಇಟ್ಟುಕೊಳ್ಳಿ ಎಂದು ಹೇಳಿ ಕಳುಹಿಸಿಬಿಟ್ಟೆವು. ರಾತ್ರಿ ಜಪದ ಪುಸ್ತಕ ತೆರೆದಾಗ ಆ ಉತ್ತರ ನಮಗೇ ಚುಚ್ಚಿತು. ಅದರ ಮಾತಿಗೆ ಕೊನೆಯಲ್ಲಿ ಬರುತ್ತೇವೆ. ಸೀಸೆಯ ಮೇಲಿದ್ದ ಕರಿನ್ಯೇನಾ ಎಂಬ ಊರು ಸಂತ ವಿನ್ಸೆಂಟರು ಸೇವೆ ಸಲ್ಲಿಸಿದ ಸರಗೋಸಾ ಪ್ರಾಂತಕ್ಕೆ ಸೇರಿದ್ದು ಎಂಬುದು ಮಾತ್ರ ಆಗಲೇ ನೆನಪಾಯಿತು.

ಪರಂಪರೆಯ ಪ್ರಕಾರ ವಿನ್ಸೆಂಟರು ಹುಟ್ಟಿದ್ದು ಸ್ಪೇನಿನ ಈಶಾನ್ಯದಲ್ಲಿ, ಪಿರನೀಸ್ ಪರ್ವತಗಳ ತಪ್ಪಲಿನ ಹುಯೆಸ್ಕಾ ಪಟ್ಟಣದಲ್ಲಿ. ಮತ್ತೊಬ್ಬ ಪ್ರಸಿದ್ಧ ಡೀಕನ್, ಕಬ್ಬಿಣದ ಜಾಲರಿಯ ಮೇಲೆ ಸುಡಲ್ಪಟ್ಟ ಸಂತ ಲಾರೆನ್ಸರೂ ಇದೇ ಊರಿನವರೆಂದು ಅಲ್ಲಿನ ಜನ ಹೆಮ್ಮೆಪಡುತ್ತಾರೆ. ಆಗ ಅದು ರೋಮನ್ ಸಾಮ್ರಾಜ್ಯದ ತರ್ರಾಕೋನೆನ್ಸಿಸ್ ಪ್ರಾಂತ. ಅದರ ಕರಾವಳಿಯ ದ್ರಾಕ್ಷಾರಸ ಮಣ್ಣಿನ ಉದ್ದನೆಯ ಜಾಡಿಗಳಲ್ಲಿ ತುಂಬಿಕೊಂಡು ಹಡಗು ಹತ್ತಿ ರೋಮಿಗೆ ಹೋಗುತ್ತಿತ್ತು. ಹೀಗಾಗಿ ವಿನ್ಸೆಂಟರು ದ್ರಾಕ್ಷಿಯ ನಾಡಿನಲ್ಲೇ ಕಣ್ಣು ತೆರೆದವರು. ಇಂದು ಹುಯೆಸ್ಕಾದ ಸುತ್ತಲಿನ ದ್ರಾಕ್ಷಾರಸ ಸೊಮೊಂತಾನೊ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಬೆಟ್ಟದ ಅಡಿ ಎಂಬುದೇ ಅದರ ಅರ್ಥ. 1984ರಲ್ಲಿ ಆ ಸೀಮೆಗೆ ಸರ್ಕಾರದ ಮಾನ್ಯತೆ ದೊರೆಯಿತು.

ಸ್ಪೇನಿನ ದ್ರಾಕ್ಷಾರಸವನ್ನು ಅರಿಯಹೊರಟ ಹೊಸಬರು ಮೊದಲು ಗ್ರಹಿಸಬೇಕಾದದ್ದು ಈ ಸೀಮೆಯ ವಿಚಾರವನ್ನೇ. ದ್ರಾಕ್ಷಿ ಬೆಳೆಯುವ ನೆಲದ ವಿಸ್ತಾರದಲ್ಲಿ ಸ್ಪೇನ್ ಜಗತ್ತಿಗೇ ಮೊದಲನೆಯದು. ಒಂಬತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು. ಆದರೂ ಸೀಸೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಸಾಮಾನ್ಯವಾಗಿ ಊರಿನ ಹೆಸರು. ನಾವು ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ ಎನ್ನುವುದಿಲ್ಲವೇ, ಹಾಗೆ. ಆ ಹೆಸರನ್ನು ಬೇರೆ ಊರಿನವರು ಬಳಸದಂತೆ, ಯಾವ ದ್ರಾಕ್ಷಿ, ಎಷ್ಟು ಇಳುವರಿ, ಎಷ್ಟು ಕಾಲ ಇಟ್ಟಿರಬೇಕು ಎಂಬುದನ್ನೆಲ್ಲ ನಿಯಮಿಸುವ ಮಂಡಳಿಗಳಿವೆ. ರಿಯೋಹಾ ಸೀಮೆಗೆ ಅಂಥ ಮಾನ್ಯತೆ 1925ರಲ್ಲಿ, ಕರಿನ್ಯೇನಾಕ್ಕೆ 1932ರಲ್ಲಿ ಬಂದಿತು.

ಬಾಲಕ ವಿನ್ಸೆಂಟರನ್ನು ತಂದೆತಾಯಿ ಸರಗೋಸಾದ ಧರ್ಮಾಧ್ಯಕ್ಷ ವಲೇರಿಯಸರ ಕೈಗೆ ಒಪ್ಪಿಸಿದರು. ವಲೇರಿಯಸರು ಜ್ಞಾನಿಗಳು, ಭಕ್ತರು. ಆದರೆ ಮಾತು ತೊದಲುತ್ತಿತ್ತು. ಪ್ರಬೋಧನೆಯೇ ಧರ್ಮಾಧ್ಯಕ್ಷರ ಮೊದಲ ಕರ್ತವ್ಯವಾಗಿದ್ದ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ. ಶಿಷ್ಯನ ನಾಲಿಗೆ ಚುರುಕಾಗಿತ್ತು. ಗುರುಗಳು ಅವರಿಗೆ ಡೀಕನ್ ದೀಕ್ಷೆಯನ್ನಿತ್ತು, ತಮ್ಮ ಪರವಾಗಿ ಬೋಧಿಸುವ ಹೊಣೆಯನ್ನು ವಹಿಸಿದರು. ತನ್ನ ಕುಂದನ್ನು ಮುಚ್ಚಿಡದೆ, ಕಿರಿಯನ ಬಾಯಿಂದ ಜನರಿಗೆ ವಾಕ್ಯ ಮುಟ್ಟಲೆಂದು ಪಕ್ಕಕ್ಕೆ ಸರಿದು ನಿಂತ ಈ ವೃದ್ಧರ ಬಗ್ಗೆ ನಮಗೆ ವಿಶೇಷ ಗೌರವ. ಧರ್ಮಕೇಂದ್ರಗಳಲ್ಲಿ ಧ್ವನಿವರ್ಧಕವನ್ನು ಬಿಟ್ಟುಕೊಡಲೊಲ್ಲದ ನಮ್ಮಂಥ ಗುರುಗಳಿಗೆ ಅವರ ನೆನಪು ಆಗಾಗ ಬೇಕು.

ಡೀಕನ್ ಎಂಬ ಗ್ರೀಕ್ ಮೂಲದ ಪದಕ್ಕೆ ಸೇವಕ, ಬಡಿಸುವವನು ಎಂದರ್ಥ. ಆದಿ ಧರ್ಮಸಭೆಯಲ್ಲಿ ಡೀಕನ್ನರ ಕೆಲಸ ಮುಖ್ಯವಾಗಿ ಎರಡು: ಬಡವರಿಗೂ ವಿಧವೆಯರಿಗೂ ಹಂಚುವುದು, ಮತ್ತು ಬಲಿಪೂಜೆಯಲ್ಲಿ ಪಾನಪಾತ್ರೆಯನ್ನು ಜನರಿಗೆ ನೀಡುವುದು. ಎರಡನೆಯ ಶತಮಾನದ ಸಂತ ಜಸ್ಟಿನರ ಬರಹದಲ್ಲಿ ಡೀಕನ್ನರು ರೊಟ್ಟಿಯನ್ನೂ ನೀರು ಬೆರೆಸಿದ ದ್ರಾಕ್ಷಾರಸವನ್ನೂ ನೆರೆದವರಿಗೆ ಹಂಚಿ, ಬಾರದವರ ಮನೆಗೂ ಒಯ್ಯುತ್ತಿದ್ದುದು ದಾಖಲಾಗಿದೆ. ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ಆ ಕಾಲದ ಊಟದ ಪದ್ಧತಿಯೇ ಆಗಿತ್ತು. ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣವೆಂದು ರೋಮನ್ನರು ಭಾವಿಸುತ್ತಿದ್ದರು. ಇಂದಿಗೂ ಪೂಜೆಯಲ್ಲಿ ಕಾಣಿಕೆಯ ಸಮಯಕ್ಕೆ ಪಾತ್ರೆಗೆ ದ್ರಾಕ್ಷಾರಸವನ್ನೂ ಒಂದೆರಡು ಹನಿ ನೀರನ್ನೂ ಸುರಿಯುವುದು, ಡೀಕನ್ ಇದ್ದಲ್ಲಿ, ಅವರ ಕೆಲಸ. ಸರಗೋಸಾದಲ್ಲಿ ವಿನ್ಸೆಂಟರು ಮಾಡಿದ್ದೂ ಅದನ್ನೇ. ಅವರು ದ್ರಾಕ್ಷಾರಸವನ್ನು ಬಲ್ಲವರಾಗಿದ್ದದ್ದು ಬಡಿಸುವವರಾಗಿ.

ಇಲ್ಲಿ ಒಂದು ಚಾರಿತ್ರಿಕ ವಿವರವನ್ನು ಹೇಳದೆ ಮುಂದೆ ಹೋಗಲಾರೆವು. ವಿನ್ಸೆಂಟರಿಗಿಂತ ಅರ್ಧ ಶತಮಾನ ಹಿಂದೆ, ಸಮುದ್ರದ ಆಚೆ ದಡದ ಕಾರ್ಥೇಜಿನಲ್ಲಿ, ಸಂತ ಸಿಪ್ರಿಯಾನರು ಪಾನಪಾತ್ರೆಯ ವಿಷಯವಾಗಿ ಒಂದು ದೀರ್ಘ ಪತ್ರ ಬರೆದರು. ಕೆಲವು ಕಡೆ ಬೆಳಗಿನ ಪೂಜೆಯಲ್ಲಿ ದ್ರಾಕ್ಷಾರಸವನ್ನೇ ಬಿಟ್ಟು ಬರಿಯ ನೀರನ್ನು ಬಳಸುವ ರೂಢಿ ಬಂದಿತ್ತು. ಅದಕ್ಕೆ ಒಂದು ಕಾರಣ ಭಯ. ಬೆಳಗಿನ ಹೊತ್ತಿನಲ್ಲಿ ಬಾಯಿಂದ ದ್ರಾಕ್ಷಾರಸದ ವಾಸನೆ ಬಂದರೆ ಆತ ಕ್ರೈಸ್ತನೆಂದು ತಿಳಿದುಬಿಡುತ್ತದೆ. ಹಿಂಸೆಯ ಕಾಲದಲ್ಲಿ ಆ ವಾಸನೆಯೇ ಸಾಕ್ಷಿಯಾಗುತ್ತದೆ. ಸಿಪ್ರಿಯಾನರು ಇದನ್ನು ಒಪ್ಪಲಿಲ್ಲ. ಪ್ರಭುವಿನ ಪಾತ್ರೆಗೆ ನಾಚುವವನು ಪ್ರಭುವಿಗಾಗಿ ಪ್ರಾಣ ಕೊಡುವುದುಂಟೇ ಎಂಬುದು ಅವರ ವಾದದ ಸಾರ. ಮುಂಜಾನೆ ಐದೂವರೆಗೆ ಗುಡಿಯ ಬಾಗಿಲು ತೆರೆಯಲು ಹೋಗುವಾಗ, ಮುಖ್ಯರಸ್ತೆಯ ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಬಿದ್ದಿರುವವರನ್ನು ಕಾಣುವ ನಮಗೆ ಈ ಪತ್ರ ಅನೇಕ ಸಲ ನೆನಪಾಗಿದೆ. ಬೆಳಗಿನ ವಾಸನೆ ಒಂದು ಕಾಲದಲ್ಲಿ ಧೈರ್ಯದ ಗುರುತಾಗಿತ್ತು. ಇಂದು ಅದೇ ಹೊತ್ತಿನ ವಾಸನೆಗೆ ಮನೆಯ ಮಕ್ಕಳು ಹೊದಿಕೆಯೊಳಗೆ ಮುದುಡಿಕೊಳ್ಳುತ್ತಾರೆ.

ಕ್ರಿ.ಶ. 303ರಲ್ಲಿ ಚಕ್ರವರ್ತಿ ಡಯೊಕ್ಲೇಷಿಯನ್ ಕ್ರೈಸ್ತರ ವಿರುದ್ಧ ಮೊದಲ ಆಜ್ಞೆಯನ್ನು ಹೊರಡಿಸಿದನು. ಗುಡಿಗಳನ್ನು ಕೆಡವಬೇಕು, ಪವಿತ್ರ ಗ್ರಂಥಗಳನ್ನು ಒಪ್ಪಿಸಿ ಸುಡಬೇಕು ಎಂಬುದು ಅದರ ತಿರುಳು. ಅನಂತರದ ಆಜ್ಞೆಗಳು ಗುರುವರ್ಗವನ್ನು ಸೆರೆಗೆ ತಳ್ಳಿದವು. ಸ್ಪೇನಿನಲ್ಲಿ ಇದನ್ನು ಜಾರಿಗೆ ತಂದವನು ದಾಸಿಯನ್ ಎಂಬ ಅಧಿಪತಿ. ವಲೇರಿಯಸರನ್ನೂ ವಿನ್ಸೆಂಟರನ್ನೂ ಬಂಧಿಸಿ, ಸರಪಳಿ ತೊಡಿಸಿ, ಸುಮಾರು ಮುನ್ನೂರು ಕಿಲೋಮೀಟರ್ ದೂರದ ವಲೆನ್ಸಿಯಾಕ್ಕೆ ಎಳೆದೊಯ್ಯಲಾಯಿತು.

ಸರಗೋಸಾದಿಂದ ವಲೆನ್ಸಿಯಾಕ್ಕೆ ಹೋಗುವ ಇಂದಿನ ಹೆದ್ದಾರಿ ಕರಿನ್ಯೇನಾ ಊರಿನ ಪಕ್ಕದಲ್ಲೇ ಸಾಗುತ್ತದೆ. ಒಣಹವೆ, ಕಲ್ಲುನೆಲ, ಬಡಗಣದಿಂದ ಬೀಸುವ ಸಿಯೆರ್ಸೊ ಎಂಬ ಚಳಿಗಾಳಿ. ಆ ನೆಲಕ್ಕೆ ಒಗ್ಗಿದ್ದು ಗಾರ್ನಾಚಾ ಎಂಬ ಕೆಂಪು ದ್ರಾಕ್ಷಿ; ಅದರ ತವರು ಈ ಆರಗಾನ್ ಸೀಮೆಯೇ ಎಂಬುದು ಬಹುಮಂದಿ ತಜ್ಞರ ಅಭಿಪ್ರಾಯ. ಪಕ್ಕದ ಕಾಂಪೊ ದೆ ಬೋರ್ಹಾ ಸೀಮೆಯಲ್ಲೂ ಅದರದೇ ರಾಜ್ಯ. ಯೇಸುಸಭೆಯ ಮೂರನೆಯ ಮಹಾಧಿಪತಿ ಸಂತ ಫ್ರಾನ್ಸಿಸ್ ಬೋರ್ಜಿಯಾರ ವಂಶದ ಹೆಸರು ಬಂದದ್ದು ಆ ಬೋರ್ಹಾ ಊರಿನಿಂದ. ಅಲ್ಲಿನ ವೆರುವೇಲಾ ಎಂಬ ಹಳೆಯ ಸಿಸ್ಟರ್ಸಿಯನ್ ಮಠದಲ್ಲಿ ಈಗ ದ್ರಾಕ್ಷಾರಸದ ವಸ್ತುಸಂಗ್ರಹಾಲಯವಿದೆ.

ಗಾರ್ನಾಚಾದ ಒಂದು ಗುಟುಕು ನಮ್ಮ ಮನೆಗಳ ನಾಲಿಗೆಗೆ ಮೊದಲಿಗೆ ಹಿಡಿಸದಿರಬಹುದು. ನಮ್ಮಲ್ಲಿ ಕ್ರಿಸ್ಮಸ್‌ಗೆ ತಿಂಗಳು ಮೊದಲೇ ಅಜ್ಜಿಯರು ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿಯೊಡನೆ ಭರಣಿಯಲ್ಲಿ ಕಟ್ಟಿಡುತ್ತಾರೆ. ಅದು ಸಿಹಿ; ಹಣ್ಣಿನ ಘಮ ಮೂಗಿಗೆ ಹೊಡೆಯುತ್ತದೆ. ಸ್ಪೇನಿನ ಕೆಂಪು ದ್ರಾಕ್ಷಾರಸದಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಮದ್ಯಾಂಶವಾಗಿರುತ್ತದೆ. ಸಿಪ್ಪೆ ಬೀಜಗಳಿಂದ ಇಳಿದ ಒಗರು ಉಳಿದಿರುತ್ತದೆ. ಹಾಲಿಲ್ಲದ ಕಡು ಚಹಾ ಕುಡಿದಾಗ, ನೇರಳೆಹಣ್ಣು ತಿಂದಾಗ ನಾಲಿಗೆ ಬಿಗಿಯುತ್ತದಲ್ಲ, ಅದೇ ಒಗರು. ಅದು ಕೆಟ್ಟಿದೆ ಎಂದು ಚೆಲ್ಲಿದವರನ್ನು ಬಲ್ಲೆವು. ಒಂದು ತುಂಡು ಮಾಂಸದೊಡನೆ, ಹುರಿದ ಮೀನಿನೊಡನೆ, ಕೊನೆಗೆ ರೊಟ್ಟಿಯ ಚೂರಿನೊಡನೆ ಕುಡಿದರೆ ಆ ಬಿಗಿ ಸಡಿಲವಾಗುತ್ತದೆ. ಹಾಗಾಗಿಯೇ ಆ ದೇಶದ ಹಳ್ಳಿಗರು ಊಟವಿಲ್ಲದೆ ಅದನ್ನು ಮುಟ್ಟುವುದು ಕಡಿಮೆ. ಬೆಂಗಳೂರಿನ ಬೇಸಿಗೆಯ ಕೋಣೆಯಲ್ಲಿಟ್ಟು ಹಾಗೆಯೇ ಸುರಿದರೆ ಮದ್ಯಾಂಶವೊಂದೇ ಮೂಗಿಗೆ ಬಡಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಲೇಸು.

ವಲೆನ್ಸಿಯಾದಲ್ಲಿ ಕೈದಿಗಳನ್ನು ಹಸಿವಿನಲ್ಲಿಟ್ಟು ಬಳಿಕ ದಾಸಿಯನ್ನನ ಮುಂದೆ ನಿಲ್ಲಿಸಿದರು. ವೃದ್ಧ ವಲೇರಿಯಸರ ಮಾತು ತೊದಲಿದಾಗ ವಿನ್ಸೆಂಟರು ಅವರ ಅಪ್ಪಣೆ ಬೇಡಿ ಇಬ್ಬರ ಪರವಾಗಿಯೂ ಉತ್ತರ ಕೊಟ್ಟರು. ಆ ಉತ್ತರದ ದಿಟ್ಟತನವೇ ಅವರಿಗೆ ಮುಳುವಾಯಿತು. ಧರ್ಮಾಧ್ಯಕ್ಷರಿಗೆ ಗಡೀಪಾರು, ಡೀಕನ್ನರಿಗೆ ಚಿತ್ರಹಿಂಸೆ ಎಂದು ತೀರ್ಪಾಯಿತು. ಪವಿತ್ರ ಗ್ರಂಥಗಳನ್ನು ಬೆಂಕಿಗೆ ಒಪ್ಪಿಸಿದರೆ ಬಿಡುಗಡೆಯೆಂಬ ಆಮಿಷವನ್ನು ಅವರು ತಿರಸ್ಕರಿಸಿದರೆಂದು ಪರಂಪರೆ ಹೇಳುತ್ತದೆ. ಅವಯವಗಳನ್ನು ಎಳೆದು ಬಿಗಿಯುವ ಯಂತ್ರ, ಕಬ್ಬಿಣದ ಕೊಕ್ಕೆಗಳು, ಕಾದ ಜಾಲರಿ, ಬಳಿಕ ಮಡಕೆಯ ಚೂಪು ಚೂರುಗಳನ್ನು ಹರಡಿದ ಕತ್ತಲೆಯ ಕೋಣೆ. ದೇವದೂತರು ಬಂದು ಆ ಚೂರುಗಳನ್ನು ಹೂಗಳಾಗಿಸಿದರೆಂಬುದನ್ನು ಭಕ್ತಿಯ ಕಣ್ಣಿಗೆ ಬಿಡುತ್ತೇವೆ. ಸೆರೆಮನೆಯ ಕಾವಲುಗಾರ ಅವರ ತಾಳ್ಮೆಯನ್ನು ಕಂಡು ಕ್ರಿಸ್ತನನ್ನು ಒಪ್ಪಿಕೊಂಡನೆಂಬುದನ್ನು ನಂಬಲು ನಮಗೆ ಕಷ್ಟವಾಗುವುದಿಲ್ಲ. ಕೊನೆಗೆ ಅವರನ್ನು ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಿದರು. ಗುಣವಾದ ಮೇಲೆ ಮತ್ತೆ ಹಿಂಸಿಸುವ ಉದ್ದೇಶದಿಂದ. ಅಲ್ಲಿಯೇ ಅವರು ಪ್ರಾಣಬಿಟ್ಟರು. ಪರಂಪರೆಯು ಗುರುತಿಸುವ ದಿನ 304ರ ಜನವರಿ 22.

ದೇಹವನ್ನು ಬಯಲಿಗೆ ಎಸೆದಾಗ ಕಾಗೆಯೊಂದು ಹದ್ದು ತೋಳಗಳನ್ನು ಓಡಿಸಿ ಕಾವಲಿತ್ತಂತೆ. ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿದರೂ ಅಲೆಗಳು ದಡಕ್ಕೆ ತಂದವು. ಕ್ರೈಸ್ತರು ಎತ್ತಿ ಮಣ್ಣು ಮಾಡಿದರು. ಅವರು ಇನ್ನೂ ಎಳೆಯರಾಗಿದ್ದರೂ ಕೀರ್ತಿ ಬೇಗ ಹಬ್ಬಿತು. ನೂರು ವರ್ಷ ಕಳೆಯುವುದರೊಳಗೆ ಸ್ಪೇನಿನ ಕವಿ ಪ್ರುದೆನ್ಷಿಯಸ್ ಅವರ ಮೇಲೆ ದೀರ್ಘ ಕಾವ್ಯ ರಚಿಸಿದನು. ಆಫ್ರಿಕದ ಹಿಪ್ಪೊ ನಗರದ ಸಂತ ಅಗಸ್ಟೀನರು ಅವರ ಹಬ್ಬದಂದು ಪ್ರಬೋಧನೆ ಮಾಡುತ್ತ, ರೋಮನ್ ಸಾಮ್ರಾಜ್ಯ ಹಬ್ಬಿದಲ್ಲೆಲ್ಲ ಈ ದಿನವನ್ನು ಸಂತೋಷದಿಂದ ಆಚರಿಸುತ್ತಾರೆಂದು ಹೇಳಿದರು. 1173ರಲ್ಲಿ ಅವರ ಅವಶೇಷಗಳನ್ನು ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹಡಗಿನಲ್ಲಿ ತಂದಾಗ ಕಾಗೆಗಳು ಜೊತೆಗೆ ಬಂದವೆಂಬ ಐತಿಹ್ಯವಿದೆ. ಹಡಗೂ ಎರಡು ಕಾಗೆಗಳೂ ಇಂದಿಗೂ ಆ ನಗರದ ಲಾಂಛನದಲ್ಲಿವೆ.

ಇಷ್ಟರಲ್ಲಿ ದ್ರಾಕ್ಷಿತೋಟ ಎಲ್ಲಿ ಬಂತು ಎಂದು ಓದುಗರು ಕೇಳಿಯಾರು. ಅದು ಬಂದದ್ದು ಫ್ರಾನ್ಸಿನ ಮೂಲಕ. 541ರಲ್ಲಿ ಫ್ರಾಂಕರ ಅರಸ ಚಿಲ್ಡೆಬೆರ್ಟನು ಸರಗೋಸಾವನ್ನು ಮುತ್ತಿದಾಗ ಪಟ್ಟಣಿಗರು ಉಪವಾಸವಿದ್ದು, ಸಂತ ವಿನ್ಸೆಂಟರ ನಿಲುವಂಗಿಯನ್ನು ಹೊತ್ತು ಕೋಟೆಗೋಡೆಯ ಮೇಲೆ ಮೆರವಣಿಗೆ ಮಾಡಿದರು. ಅರಸನು ಮುತ್ತಿಗೆಯನ್ನು ತೆಗೆದು, ಆ ವಸ್ತ್ರವನ್ನು ಪ್ಯಾರಿಸಿಗೆ ಕೊಂಡೊಯ್ದು, ಅದಕ್ಕಾಗಿ ಒಂದು ದೇವಾಲಯವನ್ನು ಕಟ್ಟಿಸಿದನು. ಅದೇ ಮುಂದೆ ಸಂತ ಜರ್ಮೇನರ ಮಠವೆಂದು ಹೆಸರಾಯಿತು. ಆ ಮಠಕ್ಕೆ ವಿಶಾಲವಾದ ದ್ರಾಕ್ಷಿತೋಟಗಳಿದ್ದುದು ಒಂಬತ್ತನೆಯ ಶತಮಾನದ ಅದರ ಲೆಕ್ಕದ ಪುಸ್ತಕದಿಂದ ತಿಳಿಯುತ್ತದೆ. ಮಠದ ಒಕ್ಕಲುಗಳಿಂದ ಈ ಭಕ್ತಿ ಹಬ್ಬಿರುವುದು ಸಹಜ. ಸಂತರ ಹೆಸರಿನ ಮೊದಲ ಅಕ್ಷರಗಳಲ್ಲೇ ವೈನ್ ಇದೆ ಎಂಬ ಮಾತೂ ಉಂಟು; ಅದನ್ನು ನಾವು ವಿನೋದವೆಂದು ಬಿಡುತ್ತೇವೆ. ಹಳ್ಳಿಗರ ಕಥೆ ಅದಕ್ಕಿಂತ ಚೆನ್ನಾಗಿದೆ. ತೋಟದ ಬೇಲಿಯ ಬಳಿ ನಿಂತು ಸಂತರು ಕೂಲಿಯವರೊಡನೆ ಮಾತಾಡುತ್ತಿದ್ದಾಗ ಅವರ ಕತ್ತೆ ಒಂದು ಬಳ್ಳಿಯ ಕುಡಿಗಳನ್ನು ಮೇಯ್ದುಬಿಟ್ಟಿತು. ಮರುವರ್ಷ ಎಲ್ಲಕ್ಕಿಂತ ಹೆಚ್ಚು ಗೊಂಚಲು ಬಿಟ್ಟದ್ದು ಆ ಬಳ್ಳಿಯೇ. ಹೀಗೆ ಮನುಷ್ಯರು ಸವರುವುದನ್ನು ಕಲಿತರಂತೆ. ಜನವರಿಯ ಕೊನೆ ಅಲ್ಲಿ ಬಳ್ಳಿ ಸವರುವ ಕಾಲ. ಬರ್ಗಂಡಿ ಸೀಮೆಯಲ್ಲಿ 1938ರಿಂದ ಬೇರೆ ಬೇರೆ ಹಳ್ಳಿಯಲ್ಲಿ ಈ ಸಂತರ ಪ್ರತಿಮೆಗಳ ಮೆರವಣಿಗೆ ನಡೆಯುತ್ತಿದೆ.

ನಮ್ಮ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರೂ ದ್ರಾಕ್ಷಿಯನ್ನು ಸವರುತ್ತಾರೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿಗೆ ಆ ಚಳಿಗಾಲದ ನಿದ್ರೆಯಿಲ್ಲದಿರುವುದರಿಂದ ವರ್ಷಕ್ಕೆ ಎರಡು ಫಸಲು ಸಾಧ್ಯ. ಅಮೆರಿಕ ಮೂಲದ ಆ ಜಾತಿಯೇ ಬೇರೆ, ಗಾರ್ನಾಚಾದ ಜಾತಿಯೇ ಬೇರೆ. ಕತ್ತರಿಯ ಕೆಲಸ ಮಾತ್ರ ಒಂದೇ.

ಈಗ ಆ ತಾಯಿಯ ಪ್ರಶ್ನೆಗಳಿಗೆ. ಕ್ರಿಯಾಂಸಾ ಎಂದರೆ ಬೆಳೆಸಿದ್ದು ಎಂದರ್ಥ: ಕೆಂಪು ದ್ರಾಕ್ಷಾರಸವಾದರೆ ಕನಿಷ್ಠ ಎರಡು ವರ್ಷ ಇಟ್ಟದ್ದು, ಅದರಲ್ಲಿ ಆರು ತಿಂಗಳಾದರೂ ಓಕ್ ಮರದ ಪೀಪಾಯಿಯಲ್ಲಿ, ರಿಯೋಹಾದಲ್ಲಿ ಒಂದು ವರ್ಷ. ಮೂರು ವರ್ಷ ಕಳೆದದ್ದು ರೆಸೆರ್ವಾ, ಐದು ವರ್ಷ ಕಳೆದದ್ದು ಗ್ರಾನ್ ರೆಸೆರ್ವಾ. ಹೋವೆನ್ ಎಂದಿದ್ದರೆ ಎಳೆಯದು, ಬೇಗ ಬಳಸಬೇಕಾದದ್ದು. ಹಳೆಯದೆಲ್ಲ ಉತ್ತಮವೆಂದು ಹೊಸಬರು ಭಾವಿಸಬೇಕಾಗಿಲ್ಲ. ಮೊದಲ ಪರಿಚಯಕ್ಕೆ ಎಳೆಯ ಗಾರ್ನಾಚಾವೇ ಸುಲಭ. ಪೂಜೆಗೆ ಬೇಕಾದದ್ದು ದ್ರಾಕ್ಷಿಯ ಫಲದಿಂದ ಸಹಜವಾಗಿ ಆದ, ಕೆಡದ ರಸವೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಸ್ವರೂಪದಲ್ಲಿ ಆ ಸೀಸೆಯದೂ ಅದೇ. ಆದರೆ ಬಲಿಪೀಠಕ್ಕೆ ನಾವು ಬಳಸುವುದು ಧರ್ಮಾಧ್ಯಕ್ಷರ ಅನುಮತಿಯಿಂದ ಬರುವ ರಸವನ್ನೇ.

ಮೂರನೆಯ ಪ್ರಶ್ನೆಗೆ ನಾವಿತ್ತ ಉತ್ತರ ತಪ್ಪಾಗಿತ್ತು. ಗಾರ್ನಾಚಾದಲ್ಲಿ ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ 14ರ ಆಸುಪಾಸು. 150 ಮಿಲಿಲೀಟರಿನ ಒಂದು ಗಾಜಿನಲ್ಲಿ 21 ಮಿಲಿಲೀಟರ್ ಶುದ್ಧ ಮದ್ಯಸಾರ. ನಮ್ಮ ಅಂಗಡಿಗಳ ಬ್ರಾಂದಿಯಲ್ಲಿ ನೂರಕ್ಕೆ 42.8; 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ 26ರಷ್ಟು. ಎರಡಕ್ಕೂ ಇರುವ ಅಂತರ ಇಷ್ಟೇ. ದೇಹಕ್ಕೆ ಅದು ಕಾನಾದ್ದೋ ಅಂಗಡಿಯದೋ ಗೊತ್ತಾಗುವುದಿಲ್ಲ. ನಿರಪಾಯಕರವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ಗುರುಮಠದಲ್ಲಿ ನಾವು ಓದಿದ ಅಕ್ವೀನದ ಸಂತ ತೋಮಸರು ಇದನ್ನು ಏಳುನೂರೈವತ್ತು ವರ್ಷಗಳ ಹಿಂದೆಯೇ ವಿಂಗಡಿಸಿದ್ದರು: ದ್ರಾಕ್ಷಾರಸ ಸ್ವತಃ ನಿಷಿದ್ಧವಲ್ಲ, ಆದರೆ ಅದರಿಂದ ಸುಲಭವಾಗಿ ಕೆಡುವವನಿಗೆ, ಬಿಡುವೆನೆಂದು ಹರಕೆ ಹೊತ್ತವನಿಗೆ ಅದು ನಿಷಿದ್ಧವಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೆವು. ಬಾಗಿಲಲ್ಲಿ ನಿಂತ ತಾಯಿಯ ಮುಂದೆ ಅದು ನೆನಪಾಗಲಿಲ್ಲ.

ಮರುದಿನ ಸಂಜೆ ಆ ಮನೆಗೆ ಹೋಗಿ ನಮ್ಮ ಮಾತನ್ನು ಹಿಂದೆ ತೆಗೆದುಕೊಂಡೆವು. ಯಜಮಾನರು ಏನೂ ಹೇಳದೆ ಎದ್ದು, ಅಡುಗೆಮನೆಯ ಅಟ್ಟದ ಮೇಲಿಂದ ಸೀಸೆಯನ್ನು ಇಳಿಸಿ, ಬಟ್ಟೆಯಿಂದ ಒರೆಸಿ, ಎರಡು ಕೈಗಳಿಂದ ನಮಗೆ ಕೊಟ್ಟರು. ಅದು ಎಲ್ಲಿದೆಯೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಜನವರಿ 22ರ ರಾತ್ರಿಯ ಊಟಕ್ಕೆ ನೆರೆಯ ಧರ್ಮಕೇಂದ್ರಗಳ ನಾಲ್ವರು ಗುರುಗಳು ಬರುವವರಿದ್ದಾರೆ. 750 ಮಿಲಿಲೀಟರಿನ ಸೀಸೆ ಐದು ಜನರಿಗೆ ಒಂದೊಂದು ಗಾಜಿನಂತೆ ಸರಿಹೋಗುತ್ತದೆ. ಅದಕ್ಕೆ ಮುಂಚೆ, ಸಾಯಂಕಾಲದ ಪೂಜೆ ಮುಗಿಸಿಕೊಂಡು ಬಂದು ಕಾಫಿ ಕುಡಿದು ಹೋಗಬೇಕೆಂದು ಯಜಮಾನರು ಹೇಳಿದ್ದಾರೆ. ಹೋಗುತ್ತೇವೆ.